ಹತ್ತನೆಯ ಅರ್ಜಿ

ಹದಿನೆಂಟು ವರ್ಷ ಗಣಿತ ಕಲಿಸಿ ಗಂಟಲು ಹರಿದುಕೊಂಡ ಟೀಚರಮ್ಮನಿಗೆ ಆ ವರ್ಷ ಸಾಕೋ ಸಾಕಾಗಿತ್ತು. ಪಕ್ಕದ ವಿಭಾಗಕ್ಕೆ ಹೊಸ ಮೇಷ್ಟ್ರು ಬಂದಿದ್ದೇ ತಡ, ಅಪ್ಪಂದಿರಿಗೆಲ್ಲ ಜ್ಞಾನೋದಯವಾಗಿಬಿಟ್ಟಿತು: ಗಣಿತಕ್ಕೆ ಗಂಡಸೇ ಸರಿ, ಹೆಂಗಸರೇನಿದ್ದರೂ ಚಿಕ್ಕ ಮಕ್ಕಳಿಗೆ. ಕಲಿಕೆಯಲ್ಲಿ ಹಿಂದೆ ಬಿದ್ದವರನ್ನೆಲ್ಲ ಹುಡುಕಿ ಹುಡುಕಿ ಟೀಚರಮ್ಮನ ತರಗತಿಗೇ ತುಂಬುತ್ತಿದ್ದರು ಎನ್ನುವುದು ಯಾರಿಗೆ ಬೇಕು? ಫಲಿತಾಂಶದ ಹಾಳೆಯಲ್ಲಿ ಮೇಷ್ಟ್ರು ಮೇಲಿದ್ದರು, ಈಕೆ ಕೆಳಗಿದ್ದಳು.

ಬೇರೆ ಶಿಕ್ಷಕರನ್ನು ಕೊಡಿ ಎಂದು ಹತ್ತು ಮನೆಯವರು ಬರೆದುಕೊಟ್ಟರೆ ತರಗತಿಯನ್ನೇ ಇನ್ನೊಬ್ಬರಿಗೆ ವಹಿಸುವುದು ಆ ಶಾಲೆಯ ಪದ್ಧತಿ. ಒಂದೊಂದು ಅರ್ಜಿಗೂ ಆ ಶಿಕ್ಷಕರೇ ನೋಡಿ ಸಹಿ ಹಾಕಬೇಕು, ಅದೊಂದು ಬೇರೆ ಶಿಕ್ಷೆ. ಒಂಬತ್ತು ಬಂದು ನಿಂತಿದ್ದವು. ಕೈಯಲ್ಲಿದ್ದ ಹತ್ತನೇ ತರಗತಿ ಹೋದರೆ ಮತ್ತೆ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಸುತ್ತ ಕೂರಬೇಕು. ಹದಿನೆಂಟು ವರ್ಷ ಮಣ್ಣುಪಾಲು.

ಸೋಮವಾರ ಹೆಡ್‌ಮಾಸ್ತರರು ಮುಖ ನೋಡದೆ ಕಾಗದ ಸರಿಸಿದರು. "ಒಂದು ಸಹಿ ಹಾಕ್ಬಿಡಿ ಟೀಚರೇ."

ಅಕ್ಷರ ಕಂಡದ್ದೇ ಆಕೆಗೆ ಗುರುತು ಸಿಕ್ಕಿತು. ಅರ್ಜಿ ಅವಳ ಗಂಡನದು. ಅದೇ ತರಗತಿಯಲ್ಲಿದ್ದ ಮಗಳ ಪರವಾಗಿ ಬರೆದಿದ್ದ. ಆಕೆ ಸಹಿ ಹಾಕಿದಳು.

"ಇದೇನ್ರೀ ನೀವು ಮಾಡಿದ್ದು?" ಎಂದು ಮನೆಗೆ ಬಂದು ಕೇಳಿದಳು.

"ನಿನ್ನ ಮೇಲೆ ಏನಿಲ್ಲ ಕಣೇ," ಎಂದ ಗಂಡ, ಬಟ್ಟೆ ಮಡಿಸುತ್ತ. "ಮನೇಲಿ ನೀನು ಇದ್ದೇ ಇದೀಯ. ಸ್ಕೂಲಲ್ಲಿ ಮೇಷ್ಟ್ರಿದ್ರೆ ಮಗೂಗೆ ಎರಡೂ ಕಡೆ ಅನುಕೂಲ ಅಲ್ವಾ?"

ಅವನ ಮಾತಲ್ಲಿ ಕೆಟ್ಟತನವಿರಲಿಲ್ಲ, ಅದರಿಂದಲೇ ಆಕೆಗೆ ಹೆಚ್ಚು ನೋವಾಯಿತು. ಜಗಳವಾಡಲೂ ತ್ರಾಣ ಬೇಕಲ್ಲ.

ತರಗತಿ ಮೇಷ್ಟ್ರ ಪಾಲಾಯಿತು. ಅಂದಿನಿಂದ ದಿನಾ ಸಂಜೆ, ಐದನೇ ತರಗತಿಗೆ ಮಗ್ಗಿ ಹೇಳಿಸಿ ಬಸವಳಿದು ಬಂದವಳ ಮುಂದೆ ಮಗಳು ಪುಸ್ತಕ ಹಿಡಿದು ಕೂರುತ್ತಿದ್ದಳು. "ಅಮ್ಮಾ, ಸರ್ ಸರಸರ ಬರೆದು ಅಳಿಸಿಬಿಡ್ತಾರೆ. ತಲೆಗೇ ಹೋಗಲ್ಲ." ಟೀಚರಮ್ಮ ಒಂದೊಂದೇ ಹೆಜ್ಜೆ ಬಿಡಿಸಿ ಹೇಳುತ್ತಿದ್ದಳು, ತಪ್ಪಿದರೆ ಮತ್ತೆ ಮೊದಲಿನಿಂದ.

ಅರ್ಧವಾರ್ಷಿಕದಲ್ಲಿ ಮಗಳಿಗೆ ತೊಂಬತ್ತಾರು ಬಂತು. ಗಂಡ ಹಿಗ್ಗಿ ಹೀರೇಕಾಯಾಗಿ ತನ್ನ ಅಣ್ಣನಿಗೆ ಫೋನು ಮಾಡಿದ. "ನಾನು ಹೇಳಿರ್ಲಿಲ್ವಾ ಅಣ್ಣ? ಮೇಷ್ಟ್ರು ಬಂದಿದ್ದೇ ಬಂದಿದ್ದು, ಹುಡುಗಿ ಎಷ್ಟು ಚುರುಕಾಗ್ಬಿಟ್ಲು ನೋಡು!"

ಟೀಚರಮ್ಮ ಮಗಳ ಮುಖ ನೋಡಿದಳು. ಒಂದು ಮಾತು, ಒಂದೇ ಒಂದು ಮಾತು ಹೇಳಿಯಾಳೆಂದು ಕಾದಳು.

ಮಗಳು ಹಾಳೆ ತಿರುವಿದಳು. "ಅಮ್ಮಾ, ಮುಂದಿನ ಲೆಕ್ಕ," ಎಂದಳು, ಮೆಲ್ಲಗೆ.