ನೀರಿಗೆ ಹೋದ ವಾಹಿದ್

ಸರಯೇವೊದ ಹಳೇಪೇಟೆಯಲ್ಲಿ ಬೆನ್ನುಚೀಲ ಹೊತ್ತು ಬರುವ ಹುಡುಗ ಹುಡುಗಿಯರಿಗೆ ಊರು ತೋರಿಸುವ ಗೈಡುಗಳು ಹಲವರಿದ್ದರು. ಅವರಲ್ಲಿ ರುಸ್ಮಿರನ ಹಿಂದೆ ಹೋಗುವವರೇ ಹೆಚ್ಚು. ಅವನು ಮೊದಲೇ ಇಷ್ಟು ಕೊಡಿ ಎಂದು ಕೇಳುತ್ತಿರಲಿಲ್ಲ. ಬೆಳಿಗ್ಗೆ ಚೌಕದ ಕಾರಂಜಿಯ ಹತ್ತಿರ ಬಂದು ನಿಲ್ಲುತ್ತಿದ್ದ, ಸೇರಿದವರನ್ನು ಕರೆದುಕೊಂಡು ಹೊರಡುತ್ತಿದ್ದ, ಸುತ್ತಾಟ ಮುಗಿದ ಮೇಲೆ ಅವರವರ ಮನಸ್ಸಿಗೆ ಬಂದಷ್ಟನ್ನು ಅವನ ಕೈಗಿಟ್ಟು ಹೋಗುತ್ತಿದ್ದರು. ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುವ ಅಗ್ಗದ ತಂಗುಮನೆಗಳಲ್ಲಿ ಇಳಿದುಕೊಂಡು ದೇಶದಿಂದ ದೇಶಕ್ಕೆ ಅಲೆಯುವ ಆ ಮಕ್ಕಳಿಗೆ ಏನು ಬೇಕೆಂಬುದು ಅವನಿಗೆ ಗೊತ್ತಿತ್ತು. ಬಾಟಲಿ ನೀರಿಗೆ ದುಡ್ಡು ದಂಡ ಮಾಡಬೇಡಿ, ಮಸೀದಿ ಅಂಗಳದ ನಲ್ಲಿಯಲ್ಲಿ ತುಂಬಿಸಿಕೊಳ್ಳಿ ಎನ್ನುತ್ತಿದ್ದ. ಮಾಂಸ ತುಂಬಿದ ಬುರೆಕ್ ಒಂದು ತೆಗೆದುಕೊಂಡರೆ ಇಬ್ಬರ ಹೊಟ್ಟೆ ತುಂಬುವ ಅಂಗಡಿಗೆ ಕರೆದೊಯ್ಯುತ್ತಿದ್ದ. ಬೆಟ್ಟದ ರೋಪ್‌ವೇಗೆ ಟಿಕೆಟು ತೆಗೆಯುವ ಬದಲು ಹಳದಿ ಕೋಟೆಗೆ ನಡೆದು ಹತ್ತಿಸಿ, ನೋಡಿ, ಊರು ಇಲ್ಲಿಂದಲೂ ಅಷ್ಟೇ ಚೆಂದ ಕಾಣುತ್ತದೆ ಎಂದು ನಗಿಸುತ್ತಿದ್ದ.

ಆದರೆ ಅವನ ಹೆಸರು ತಂಗುಮನೆಯಿಂದ ತಂಗುಮನೆಗೆ ಹರಡಿದ್ದು ಬುರೆಕ್ಕಿನಿಂದಲ್ಲ. ಸುತ್ತಾಟದ ಕೊನೆಗೆ ಅವನು ಎಲ್ಲರನ್ನೂ ಕೊವಾಚಿ ಕೇರಿಯ ಮೇಲಿನ ಕಡಿದಾದ ಓಣಿಯೊಂದಕ್ಕೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಗೋಡೆಗೆ ಹೊಂದಿಕೊಂಡಂತೆ ಹಳೆಯ ಕಲ್ಲಿನ ನಲ್ಲಿಕಟ್ಟೆಯೊಂದಿತ್ತು. ತೊಂಬತ್ತರ ದಶಕದ ಯುದ್ಧದಲ್ಲಿ ಊರಿಗೆ ಮುತ್ತಿಗೆ ಬಿದ್ದು ಮನೆಯ ಕೊಳಾಯಿಗಳೆಲ್ಲ ಒಣಗಿದ್ದ ಕಾಲದಲ್ಲಿ ಕೇರಿಯವರು ನೀರು ಹಿಡಿಯುತ್ತಿದ್ದದ್ದು ಅಲ್ಲೇ. ರುಸ್ಮಿರನ ಅಣ್ಣ ವಾಹಿದ್ ಸತ್ತದ್ದೂ ಅಲ್ಲೇ. ಹದಿನಾರರ ಹುಡುಗ, ಮಕ್ಕಳ ತಳ್ಳುಗಾಡಿಯ ತುಂಬ ಕ್ಯಾನುಗಳನ್ನು ಹೇರಿಕೊಂಡು ನೀರಿಗೆ ಬಂದಿದ್ದ. ಬೆಟ್ಟದ ಕಡೆಯಿಂದ ಷೆಲ್ಲು ಬಂದು ಬಿತ್ತು.

ಕತೆಯ ಇಷ್ಟು ಭಾಗ ನಿಜ. ಮುಂದಿನದನ್ನು ರುಸ್ಮಿರ್ ಹೀಗೆ ಹೇಳುತ್ತಿದ್ದ: ನಾನೂ ಜೊತೆಯಲ್ಲಿದ್ದೆ, ಚಿಕ್ಕವನು. ಅಣ್ಣನನ್ನು ಬೆನ್ನ ಮೇಲೆ ಹಾಕಿಕೊಂಡು ಈ ಓಣಿ ಇಳಿದೆ. ದಾರಿಯಲ್ಲಿ ಅವನು ನನ್ನ ಕಿವಿಯ ಹತ್ತಿರ, ನೀರು ಚೆಲ್ಲಿಹೋಯ್ತಾ ಎಂದು ಕೇಳಿದ. ಇಲ್ಲ ಅಂದೆ. ಅಷ್ಟೇ, ಆಮೇಲೆ ಮಾತಾಡಲಿಲ್ಲ.

ಆವತ್ತು ರುಸ್ಮಿರ್ ಅಲ್ಲಿರಲಿಲ್ಲ. ಜ್ವರ ಬಂದು ಮನೆಯ ನೆಲಮಾಳಿಗೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ವಾಹಿದನ ಜೊತೆ ನೀರಿಗೆ ಹೋದವಳು ಅಕ್ಕ ಮೆವ್ಲಿದಾ. ಗೈಡಿನ ಕೆಲಸ ಹಿಡಿದ ಹೊಸದರಲ್ಲಿ ಅವನು ಕತೆಯನ್ನು ಇದ್ದದ್ದು ಇದ್ದ ಹಾಗೆಯೇ ಹೇಳಿದ್ದ. ಒಂದು ದಿನ ವಯಸ್ಸಾದ ಹೆಂಗಸೊಬ್ಬಳು ಅವನ ತೋಳು ಮುಟ್ಟಿ, ನೀನೂ ಇಲ್ಲೇ ಇದ್ದೆಯಾ ಎಂದು ಮೆಲ್ಲಗೆ ಕೇಳಿದಳು. ಅವನು ಹೌದೆಂದು ತಲೆಯಾಡಿಸಿಬಿಟ್ಟ. ಅವಳ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನ ಅವನೇ ಬಾಯಿಬಿಟ್ಟು ಇದ್ದೆ ಎಂದ. ಬೆನ್ನ ಮೇಲೆ ಹೊತ್ತದ್ದು ಆಮೇಲೆ ಸೇರಿತು. ನೀರು ಚೆಲ್ಲಿತಾ ಎನ್ನುವ ಮಾತು ಎಲ್ಲಿಂದ ಬಂತೋ ಅವನಿಗೇ ತಿಳಿಯದು. ಒಂದು ದಿನ ತಾನಾಗಿ ನಾಲಿಗೆಗೆ ಬಂದು ಅಲ್ಲೇ ಉಳಿಯಿತು. ಆ ಮಾತಾದ ಮೇಲೆ ಗುಂಪು ಉಸಿರೆತ್ತುತ್ತಿರಲಿಲ್ಲ, ಕೈಗಳು ಜೇಬಿಗೆ ಹೋಗುತ್ತಿದ್ದವು. ಹಾಗಾಗುವುದು ತನಗೆ ಮೊದಲೇ ಗೊತ್ತಿರುತ್ತದೆ ಎಂಬುದೇ ಅವನಿಗೆ ಹಿಂಸೆಯಾಗುತ್ತಿತ್ತು. ಆದರೂ ಕತೆಯನ್ನು ಕೊನೆಗೇ ಇಟ್ಟುಕೊಂಡಿದ್ದ.

ಮೆವ್ಲಿದಾ ಯುದ್ಧ ಮುಗಿಯುತ್ತಿದ್ದಂತೆ ಸ್ವೀಡನ್ನಿಗೆ ಹೋದವಳು, ತಾಯಿ ತೀರಿಕೊಂಡಾಗ ಒಮ್ಮೆ ಬಂದು ಹೋಗಿದ್ದಳಷ್ಟೆ. ಅವಳ ಮಗಳು ಇಲ್ಮಾ ಹುಟ್ಟಿದ್ದು ಬೆಳೆದದ್ದೆಲ್ಲ ಅಲ್ಲೇ. ಒಂದು ವರ್ಷ ಚಳಿಗಾಲ ಶುರುವಾಗುವ ಹೊತ್ತಿಗೆ ಇಲ್ಮಾ ಗೆಳತಿ ತೂವೆಯ ಜೊತೆ ರೈಲು ಬಸ್ಸು ಹತ್ತಿ ಇಳಿಯುತ್ತ ದಕ್ಷಿಣಕ್ಕೆ ಹೊರಟವಳು ಸರಯೇವೊಕ್ಕೂ ಬಂದಳು. ರುಸ್ಮಿರ್ ಮನೆಗೆ ಬಾ ಎಂದು ಎಷ್ಟು ಕರೆದರೂ, ತೂವೆಯನ್ನು ಬಿಟ್ಟು ಬರುವುದು ಚೆನ್ನಾಗಿರಲ್ಲ, ತಂಗುಮನೆಯಲ್ಲೇ ಇರುತ್ತೇವೆ ಎಂದಳು. ನಾಳೆ ಬೆಳಿಗ್ಗೆ ನಿಮ್ಮ ಸುತ್ತಾಟಕ್ಕೆ ಬರ್ತೀವಿ ಮಾಮ ಎಂದೂ ಹೇಳಿದಳು.

ನಾಳೆ ನಲ್ಲಿಕಟ್ಟೆಯ ಕಡೆ ಹೋಗುವುದೇ ಬೇಡ ಎಂದು ರುಸ್ಮಿರ್ ನಿರ್ಧರಿಸಿದ.

ಬೆಳಿಗ್ಗೆ ಊರನ್ನು ಮಂಜೂ ಕಲ್ಲಿದ್ದಲ ಹೊಗೆಯೂ ಸೇರಿ ಮುಚ್ಚಿದ್ದವು. ಮಿಲ್ಯಾಟ್ಸ್ಕಾ ಹೊಳೆಯ ಸೇತುವೆ ಮೇಲೆ ನಿಂತರೆ ಆಚೆ ದಡ ಕಾಣುತ್ತಿರಲಿಲ್ಲ. ಬಂದವರು ಬೆರಳೆಣಿಕೆಯಷ್ಟು ಜನ. ರುಸ್ಮಿರ್ ಅಕ್ಕನ ಮಗಳ ಮುಂದೆ ಎಂದಿಗಿಂತ ಹುರುಪಿನಿಂದ ಊರು ತೋರಿಸಿದ. ತಾಮ್ರದ ಅಂಗಡಿ ಸಾಲಿನಲ್ಲಿ ನಿಲ್ಲಿಸಿ, ಇವರ ಹತ್ತಿರ ಏನೂ ಕೊಳ್ಳಬೇಡಿ, ಬರೀ ಕಾಫಿ ಕುಡಿಸ್ತಾರೆ, ಕುಡಿದು ಓಡಿ ಎಂದು ಕಂಚುಗಾರನನ್ನು ಕೆಣಕಿದ. ಕೋಟೆಯ ಮೇಲೆ ಹೋದಾಗ ಮಂಜಿನಲ್ಲಿ ಊರೇ ಇರಲಿಲ್ಲ. ಇಲ್ಲಿಗೆ ಮುಗಿಯಿತು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಐರ್ಲೆಂಡಿನ ಉದ್ದನೆಯ ಮನುಷ್ಯನೊಬ್ಬ, ನಲ್ಲಿಯ ಹತ್ತಿರ ಹೋಗುವುದಿಲ್ಲವೇ ಎಂದು ಕೇಳಿದ. ತಂಗುಮನೆಯಲ್ಲಿ ಅದನ್ನೇ ಹೇಳಿ ಕಳಿಸಿದ್ದಾರೆ, ನಾನು ಬಂದದ್ದೇ ಅದಕ್ಕೆ ಎಂದ. ಉಳಿದವರೂ ರುಸ್ಮಿರನ ಮುಖ ನೋಡಿದರು.

ಕರೆದುಕೊಂಡು ಹೋದ. ಎರಡೇ ಮಾತಿನಲ್ಲಿ ಮುಗಿಸೋಣ ಎಂದುಕೊಂಡೇ ಶುರು ಮಾಡಿದ. ಆದರೆ ಆ ಕತೆ ಅವನ ಬಾಯಲ್ಲಿ ಎಷ್ಟು ಪಳಗಿತ್ತೆಂದರೆ ಒಂದು ವಾಕ್ಯ ಇನ್ನೊಂದನ್ನು ಎಳೆದುಕೊಂಡು ಬಂತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ದನಿ ತಾನಾಗಿ ನಿಂತಿತು. ಬೆನ್ನ ಮೇಲೆ ಹೊತ್ತದ್ದು ಬಂತು, ಕಿವಿಯ ಹತ್ತಿರದ ಮಾತೂ ಬಂತು. ಎಂದಿನಂತೆ ಅವನ ಕಣ್ಣು ತುಂಬಿದವು. ತಲೆಯೆತ್ತಿ ನೋಡಿದರೆ ಇಲ್ಮಾ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಬಂದು ಅವನನ್ನು ತಬ್ಬಿಕೊಂಡಳು. ಅವನು ಬೇಡ ಎನ್ನಲಿಲ್ಲ. ಅವಳ ಹಿಂದೆ ನಿಂತಿದ್ದ ತೂವೆ ಅವನ ಅಂಗೈಗೆ ಮಡಿಸಿದ ನೋಟು ತುರುಕಿದಳು. ಅದನ್ನೂ ಅವನು ಬೇಡ ಎನ್ನಲಿಲ್ಲ.

ಆಮೇಲೆ ಕೆಂಡದಲ್ಲಿ ಸುಟ್ಟ ಮಾಂಸದ ಚೆವಾಪಿ ಮಾರುವ ಅಂಗಡಿಯಲ್ಲಿ ಕೂತಾಗ ಇಲ್ಮಾ ಊಟ ಮುಟ್ಟಲಿಲ್ಲ. ಅಮ್ಮ ತನಗೆ ಏನನ್ನೂ ಹೇಳಿಲ್ಲ ಎಂದಳು. ಒಬ್ಬ ತಮ್ಮ ಯುದ್ಧದಲ್ಲಿ ಹೋದ ಎಂದದ್ದು ಬಿಟ್ಟರೆ ಹೆಚ್ಚಿಗೆ ಕೇಳಿದರೆ ಎದ್ದು ಹೋಗುತ್ತಾಳೆ ಎಂದಳು. ರುಸ್ಮಿರ್, ಅವಳಿಗೆ ನೋವಾಗುತ್ತೆ ಮಗು, ಕೇಳಬೇಡ ಎಂದ. ಇಲ್ಮಾ ತಲೆ ತಗ್ಗಿಸಿದಳು. ಆದರೆ ಕೇಳಿದ ಕತೆಯನ್ನೆಲ್ಲ ಬರೆದು ದಾರಿಯಲ್ಲೇ ಅಮ್ಮನಿಗೆ ಮೆಸೇಜು ಕಳಿಸಿ ಆಗಿತ್ತು.

ಮಾರನೆಯ ಬೆಳಿಗ್ಗೆ ಅವನು ಕಾಫಿ ಕಾಯಿಸುತ್ತಿದ್ದಾಗ ಮೆವ್ಲಿದಾಳ ಫೋನು ಬಂತು. ಅವಳು ಕೂಗಾಡುವಳೆಂದು ಕಾದ. ಅವಳ ದನಿ ಎಂದಿನಂತೆಯೇ ಇತ್ತು.

"ನೀನು ಹೊತ್ಕೊಂಡು ಬಂದ್ಯಂತೆ," ಎಂದಳು.

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ನಂಗೂ ಹೇಳು. ಅವರಿಗೆ ಹೇಗೆ ಹೇಳ್ತೀಯೋ ಹಾಗೇ."

"ಬೇಡ ಅಕ್ಕ."

"ದಾರೀಲಿ ಹೋಗೋರಿಗೆಲ್ಲ ಹೇಳಿದ್ದೀಯ. ನಂಗೊಬ್ಳಿಗೆ ಬೇಡ್ವಾ?"

ಅವನು ಹೇಳಿದ. ಇಂಗ್ಲಿಷಿನಲ್ಲಿ ಸಲೀಸಾಗಿ ಬರುತ್ತಿದ್ದ ಕತೆ ತಾಯ್ನುಡಿಯಲ್ಲಿ ಹೆಜ್ಜೆ ಹೆಜ್ಜೆಗೂ ಎಡವಿತು. ನೀರು ಚೆಲ್ಲಿತಾ ಎನ್ನುವಲ್ಲಿಗೆ ಬಂದಾಗ ಆ ಕಡೆಯಿಂದ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು.

"ಅದನ್ನ ನಿಂಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ನಾನೇ ಸೇರಿಸ್ಕೊಂಡೆ."

"ಇಲ್ಲ ಕಣೋ. ಜ್ವರದಲ್ಲಿ ಮಲಗಿದ್ದಾಗ ಕೇಳಿಸ್ಕೊಂಡಿದ್ದೀಯ. ಅದು ವಾಹಿದ್ ಹೇಳಿದ್ದಲ್ಲ. ಅಮ್ಮ ಹೇಳಿದ್ದು."

ಆಮೇಲೆ ಅವಳು ಹೇಳಿದ್ದನ್ನು ರುಸ್ಮಿರ್ ಒಲೆಯ ಮುಂದೆ ನಿಂತೇ ಕೇಳಿದ. ವಾಹಿದ್ ಯಾವ ಮಾತನ್ನೂ ಆಡಲಿಲ್ಲ, ಆಡುವ ಸ್ಥಿತಿಯಲ್ಲಿರಲಿಲ್ಲ. ಮೆವ್ಲಿದಾ ತಳ್ಳುಗಾಡಿಯಲ್ಲಿದ್ದ ಕ್ಯಾನುಗಳನ್ನೆಲ್ಲ ಎಳೆದು ಬಿಸಾಕಿ, ತಮ್ಮನನ್ನು ಅದರಲ್ಲಿ ಕೂರಿಸಿ, ತನ್ನ ಕೋಟು ಹೊದಿಸಿ ಮನೆಯವರೆಗೆ ತಳ್ಳಿಕೊಂಡು ಬಂದಳು. ಮನೆಯಲ್ಲಿ ಹಿಂದಿನ ದಿನದಿಂದ ಹನಿ ನೀರಿರಲಿಲ್ಲ. ತಾಯಿ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬಂದವಳು ಮಗಳ ಬರಿಗೈ ನೋಡಿದಳು, ಕ್ಯಾನುಗಳು ಕಾಣಲಿಲ್ಲ. ನೀರೆಲ್ಲಿ, ಚೆಲ್ಲಿಬಿಟ್ರಾ ಎಂದು ಕಿರುಚಿದಳು. ಅವಳು ಗಾಡಿಯೊಳಗೆ ನೋಡಿದ್ದು ಆಮೇಲೆ.

"ಆವತ್ತಿಂದ ಅಮ್ಮ ನನ್ನ ಮುಖ ನೋಡಿ ಮಾತಾಡಿದ್ದಿಲ್ಲ," ಎಂದಳು ಮೆವ್ಲಿದಾ. "ಸಿಟ್ಟಿಂದಲ್ಲ. ಆ ಮಾತು ಕೇಳಿಸ್ಕೊಂಡೋಳು ನಾನೊಬ್ಳೇ ಅಂದ್ಕೊಂಡಿದ್ಲು. ನಾನು ಕಣ್ಣೆದುರು ಇದ್ದಷ್ಟು ದಿನ ಅವಳಿಗೆ ಅದು ಮರೀತಿರ್ಲಿಲ್ಲ. ಅದಕ್ಕೇ ಹೊರಟು ಬಂದೆ."

ಅಕ್ಕ ತಾಯಿಯನ್ನು ಬಿಟ್ಟು ಸುಖ ಹುಡುಕಿಕೊಂಡು ಹೋದಳೆಂದು ರುಸ್ಮಿರ್ ಇಷ್ಟು ವರ್ಷ ಒಳಗೊಳಗೇ ಬೈದುಕೊಂಡಿದ್ದ. ತಾಯಿ ಸಾಯುವವರೆಗೂ ಮಂಚದ ಕೆಳಗೆ ನೀರಿನ ಬಾಟಲಿಗಳನ್ನು ಸಾಲಾಗಿ ತುಂಬಿಟ್ಟುಕೊಂಡಿರುತ್ತಿದ್ದಳು. ಮುತ್ತಿಗೆ ಕಂಡವರೆಲ್ಲ ಹಾಗೇ ಮಾಡುತ್ತಾರೆ ಎಂದು ಅವನು ಅದರ ಕಡೆ ಗಮನ ಕೊಟ್ಟಿರಲಿಲ್ಲ. ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನೀಗ ಏನು ಮಾಡಲಿ ಎಂದು ಕೇಳಿದ.

"ನಿನ್ನ ಹೊಟ್ಟೆಪಾಡು, ನಿಂಗೆ ಬಿಟ್ಟಿದ್ದು. ಆದ್ರೆ ನೀನಲ್ಲಿ ಇರ್ಲಿಲ್ಲ ಅಂತ ನನ್ನ ಮಗಳಿಗೆ ನೀನೇ ಹೇಳು. ಅಮ್ಮನ ವಿಷಯ ಎತ್ತಬೇಡ. ಅದನ್ನ ನಾನು ನೋಡ್ಕೋತೀನಿ."

ಇಲ್ಮಾ ಮತ್ತು ತೂವೆ ಮಧ್ಯಾಹ್ನದ ಬಸ್ಸಿಗೆ ಸಮುದ್ರದ ಕಡೆ ಹೊರಡುವವರಿದ್ದರು. ರುಸ್ಮಿರ್ ತಂಗುಮನೆಗೆ ಹೋದಾಗ ಇಲ್ಮಾ ಬಾಗಿಲ ಮೆಟ್ಟಿಲ ಮೇಲೆ ಕೂತು ಬ್ರೆಡ್ಡಿಗೆ ಚೀಸು ಹಚ್ಚಿ ದಾರಿಗೆ ಕಟ್ಟಿಕೊಳ್ಳುತ್ತಿದ್ದಳು. ಅವನು ಪಕ್ಕದಲ್ಲಿ ಕೂತ. ಸುತ್ತು ಬಳಸದೆ ಹೇಳಿದ. ತಾನು ಅಲ್ಲಿರಲಿಲ್ಲ, ಹೊರಲಿಲ್ಲ, ಅಣ್ಣ ತನ್ನ ಕಿವಿಯಲ್ಲಿ ಏನೂ ಹೇಳಲಿಲ್ಲ. ಇದ್ದವಳು ನಿನ್ನಮ್ಮ.

ಇಲ್ಮಾ ಚಾಕುವನ್ನು ಕಾಗದದ ಮೇಲಿಟ್ಟಳು.

"ನಿನ್ನೆ ಅತ್ತಿದ್ದು?"

"ಅದು ಸುಳ್ಳಲ್ಲ."

"ಅಲ್ಲಿ ನಿಂತು ದಿನಾ ಅಳ್ತೀರಾ ಮಾಮ?"

ಅವಳು ವ್ಯಂಗ್ಯವಾಡಿದ್ದಲ್ಲ, ತಿಳಿಯದೆ ಕೇಳಿದ್ದು. ಹೌದು, ಬಹುಪಾಲು ದಿನ ಎಂದ. ಅವಳು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ವಾಹಿದ್ ಮಾಮ ಹೇಗಿದ್ದರು, ಅವರಿಗೆ ಏನಿಷ್ಟ ಇತ್ತು, ಅದನ್ನಾದರೂ ಹೇಳಿ ಎಂದಳು. ರುಸ್ಮಿರ್ ನೆನಪಿಗೆ ಕೈ ಹಾಕಿದ. ಶಿಳ್ಳೆ ಹೊಡೆಯುತ್ತಿದ್ದ ಎನ್ನಬೇಕೆನ್ನಿಸಿತು, ಅದು ಸುತ್ತಾಟದಲ್ಲಿ ಹೇಳುವ ಮಾತು. ಚೆಂಡಾಟವೆಂದರೆ ಪ್ರಾಣ ಎನ್ನಬೇಕೆನ್ನಿಸಿತು, ಅದನ್ನೂ ಗುಂಪಿನ ಮುಂದೆ ಎಂದೋ ಸೇರಿಸಿಕೊಂಡದ್ದು. ಯಾವುದು ಅಣ್ಣನದು, ಯಾವುದು ತನ್ನದು, ಬಿಡಿಸಲಾಗಲಿಲ್ಲ. ಅಣ್ಣನ ಮುಖವೂ ಹೇಳಿ ಹೇಳಿ ಸವೆದುಹೋಗಿತ್ತು.

"ಜ್ಞಾಪಕ ಇಲ್ಲ ಮಗು," ಎಂದ.

ಅದನ್ನು ಮಾತ್ರ ಅವಳು ನಂಬಿದಂತೆ ಕಂಡಿತು.

ಇಲ್ಮಾ ಸಮುದ್ರದ ಬಸ್ಸು ಹತ್ತಲಿಲ್ಲ. ತೂವೆಯನ್ನು ಒಬ್ಬಳನ್ನೇ ಕಳಿಸಿ, ತಾನು ಉತ್ತರಕ್ಕೆ, ಮನೆಯ ದಾರಿಯ ಬಸ್ಸಿಗೆ ನಿಂತಳು. ರುಸ್ಮಿರ್ ನಿಲ್ದಾಣದವರೆಗೂ ಹೋದ. ಚೀಲ ಕೊಡು ಎಂದು ಕೈ ಚಾಚಿದರೆ ಪರವಾಗಿಲ್ಲ ಎಂದು ತಾನೇ ಹೊತ್ತಳು. ಕಿಟಕಿಯ ಪಕ್ಕ ಕೂತವಳು ಬಸ್ಸು ಹೊರಡುವಾಗ ಕೈ ಎತ್ತಿದಳು, ಬೀಸಲಿಲ್ಲ.

ಅವಳು ಊರು ಮುಟ್ಟಿದ ಮೇಲೆ ಮೆವ್ಲಿದಾ ಫೋನು ಮಾಡಿದಳು. ಬಂದಿದ್ದಾಳೆ, ಅಡುಗೆಮನೆಯಲ್ಲಿ ಕೂತಿದ್ದಾಳೆ, ಏನನ್ನೂ ಕೇಳುತ್ತಿಲ್ಲ, ನಾನೇ ಹೇಳಲಿ ಎಂದು ಕಾಯುತ್ತಿದ್ದಾಳೆ ಎಂದಳು. ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ, ನಿನಗೆ ಅಭ್ಯಾಸ ಇದೆಯಲ್ಲ, ನೀನಾದರೂ ಹೇಳು ಎಂದಳು. ಚುಚ್ಚುವುದಕ್ಕೆ ಅಂದದ್ದೋ ನಿಜವಾಗಿ ಕೇಳಿದ್ದೋ ಅವನಿಗೆ ಗೊತ್ತಾಗಲಿಲ್ಲ. ಅವನಿಗೂ ಏನೂ ಹೊಳೆಯಲಿಲ್ಲ. ಆ ಕಡೆ ಯಾರೋ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಮಾತಾಡ್ತೀನಿ ಎಂದು ಅವಳು ಇಟ್ಟಳು. ಆಮೇಲೆ ಮಾಡಿದ ಫೋನುಗಳಲ್ಲಿ ಆ ವಿಷಯ ಬರಲಿಲ್ಲ.

ರುಸ್ಮಿರ್ ಸುತ್ತಾಟವನ್ನು ಕೋಟೆಯಲ್ಲೇ ಮುಗಿಸತೊಡಗಿದ. ನಲ್ಲಿಯ ಬಗ್ಗೆ ಯಾರಾದರೂ ಕೇಳಿದರೆ ದಾರಿ ಕೆಟ್ಟಿದೆ, ಜಾರುತ್ತದೆ ಎನ್ನುತ್ತಿದ್ದ. ತಂಗುಮನೆಯವರು ಕೆಲವು ವಾರ ನೋಡಿ ತಮ್ಮ ಗಿರಾಕಿಗಳನ್ನು ಬೇರೆ ಗೈಡುಗಳ ಕಡೆ ಕಳಿಸಿದರು. ಹಿಮ ಬೀಳುವ ಹೊತ್ತಿಗೆ ಚೌಕದಲ್ಲಿ ಅವನಿಗಾಗಿ ನಿಲ್ಲುವವರೇ ಇಲ್ಲವಾದರು. ಅವನು ಕೊವಾಚಿಯ ಬೇಕರಿಯೊಂದರಲ್ಲಿ ಹಿಟ್ಟಿನ ಮೂಟೆ ಇಳಿಸುವ, ಅಂಗಡಿಗಳಿಗೆ ಬ್ರೆಡ್ಡು ಮುಟ್ಟಿಸುವ ಕೆಲಸಕ್ಕೆ ಸೇರಿಕೊಂಡ.

ಬೇಸಿಗೆ ಬಂದು ಬೆನ್ನುಚೀಲದವರು ಮತ್ತೆ ತುಂಬಿಕೊಂಡರು. ಒಂದು ಬೆಳಿಗ್ಗೆ ಬ್ರೆಡ್ಡಿನ ಬುಟ್ಟಿ ಹೊತ್ತು ಓಣಿ ಇಳಿಯುತ್ತಿದ್ದಾಗ ನಲ್ಲಿಕಟ್ಟೆಯ ಮುಂದೆ ಗುಂಪೊಂದು ದಾರಿ ಕಟ್ಟಿ ನಿಂತಿತ್ತು. ನಡುವೆ ಕೆಂಪು ಕೊಡೆ ಹಿಡಿದ ಹೆಂಗಸು, ಹೊಸ ಗೈಡು. ಅವಳು ವಾಹಿದನ ಕತೆ ಹೇಳುತ್ತಿದ್ದಳು. ಪುಟ್ಟ ತಮ್ಮ ಅಣ್ಣನನ್ನು ಬೆನ್ನ ಮೇಲೆ ಹೊತ್ತನಂತೆ. ನೀರು ಚೆಲ್ಲಿತಾ ಎಂದು ಅಣ್ಣ ಕೇಳಿದನಂತೆ. ರುಸ್ಮಿರ್ ಎಲ್ಲೆಲ್ಲಿ ದನಿ ನಿಲ್ಲಿಸುತ್ತಿದ್ದನೋ ಅವಳೂ ಅಲ್ಲಲ್ಲೇ ನಿಲ್ಲಿಸಿದಳು. ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಕಣ್ಣು ಒರೆಸಿಕೊಂಡಳು.

ಆ ತಮ್ಮ ಈಗ ಎಲ್ಲಿದ್ದಾನೆ ಎಂದು ಯಾರೋ ಕೇಳಿದರು. ಗೊತ್ತಿಲ್ಲ, ಹೊರದೇಶಕ್ಕೆ ಹೋದನಂತೆ ಎಂದಳು ಕೊಡೆಯ ಹೆಂಗಸು.

ರುಸ್ಮಿರ್ ಬಾಯಿ ತೆರೆದ. ಅವನೇ ನಾನು ಎಂದರೆ ಅವರೆಲ್ಲ ತಿರುಗಿ ನೋಡುತ್ತಾರೆ, ತಬ್ಬಿಕೊಳ್ಳುತ್ತಾರೆ. ಅದು ಹಾಗಲ್ಲ ಎಂದರೆ, ಹೇಗೆ ಎಂದು ಕೇಳುತ್ತಾರೆ. ಹುಡುಗನೊಬ್ಬ ಅವನ ತಲೆಯ ಮೇಲಿನ ಬುಟ್ಟಿ ನೋಡಿ, ಕ್ಷಮಿಸಿ ಎಂದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಬ್ರೆಡ್ಡು ಆರುತ್ತಿತ್ತು. ಅವನು ಗುಂಪಿನ ನಡುವೆ ಹಾಯ್ದು ಕೆಳಗಿನ ಅಂಗಡಿಯ ಕಡೆ ಇಳಿದ.