ಬ್ರೇಕ್ ಪುಟದ ಮೂರನೇ ಸಾಲು

ವೆಂಕಟರಾಮಪ್ಪನವರ ಕಣ್ಣು ಮಂಜಾದ ಮೇಲೆ, ಬರೆದದ್ದನ್ನೆಲ್ಲ ಅವರಿಗೆ ಓದಿ ಹೇಳುವುದು ಜ್ಯೋತಿಲಕ್ಷ್ಮಿಯ ಭಾನುವಾರದ ಕೆಲಸವಾಗಿತ್ತು. ಮುದ್ದೇನಹಳ್ಳಿ ಪಕ್ಕದ ಪಂಚಾಯಿತಿ ಲೈಬ್ರರಿಯಲ್ಲಿ ಆಕೆಗೆ ನೌಕರಿ. ಎರಡು ವರ್ಷದ ಹಿಂದೆ, ಮಾವ ಬಿಟ್ಟುಹೋದ ಮಾರಿಸ್ ಮೈನರ್ ಕಾರನ್ನು ಮತ್ತೆ ಓಡಿಸಬೇಕೆಂದು ಹೊರಟಾಗ, ಸುತ್ತಲ ನಾಲ್ಕು ತಾಲ್ಲೂಕಿಗೂ ಆ ವಿದ್ಯೆ ಬಲ್ಲವರು ಚಿಂತಾಮಣಿಯ ಈ ಮುದುಕರೊಬ್ಬರೇ ಎಂದು ಗೊತ್ತಾಯಿತು. ಹಳೆ ಇಂಗ್ಲಿಷ್ ಕಾರು ಇಟ್ಟುಕೊಂಡವರೆಲ್ಲ ಹೊತ್ತುಗೊತ್ತಿಲ್ಲದೆ ಅವರಿಗೇ ಫೋನ್ ಮಾಡುತ್ತಿದ್ದರು. ಹೇಳಿದ್ದನ್ನೇ ಹೇಳಿ ಅವರ ಗಂಟಲು ಬಿದ್ದುಹೋಗುತ್ತಿತ್ತು. ಆಗ ಜ್ಯೋತಿಲಕ್ಷ್ಮಿ, ಅವರು ಹೇಳಿದ್ದನ್ನೆಲ್ಲ ಬರೆದಿಡಲು ಒಂದು ವೆಬ್‌ಸೈಟ್ ಮಾಡಿದಳು. ಗೌರಿಬಿದನೂರಿನ ಮೋಹನ್‌ಬಾಬು ತನ್ನ ಹೆರಾಲ್ಡ್ ಕಾರಿನ ಚಿತ್ರಗಳನ್ನು ಹಾಕಿದ. ಶಿಡ್ಲಘಟ್ಟದವರು ಯಾರೋ ಲ್ಯಾಂಡ್ ರೋವರ್ ಬಗ್ಗೆ ಬರೆದರು. ಎಲ್ಲ ಕನ್ನಡದಲ್ಲೇ, ಯಾರು ಬೇಕಾದರೂ ಓದಬಹುದು, ಗೊತ್ತಿದ್ದವರು ಸೇರಿಸಬಹುದು. ನೋಡನೋಡುತ್ತ ತೊಂಬತ್ತು ಪುಟವಾಯಿತು.

ಆ ಬೆಳಿಗ್ಗೆ ಚಿಂತಾಮಣಿಯ ಅವರ ಮನೆಯಲ್ಲಿ ಆಕೆ ಓದುತ್ತಿದ್ದದ್ದು ಮಾರಿಸ್ ಮೈನರ್ ಬ್ರೇಕಿನ ಪುಟ. ಆರು ದಿನದ ಹಿಂದೆ ತಾನೇ ಟೈಪ್ ಮಾಡಿ ಹಾಕಿದ್ದು.

"ಮೂರನೇದು. ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆದು, ಇಂಜಿನ್ ಆಯಿಲ್ ತುಂಬಬೇಕು."

ವೆಂಕಟರಾಮಪ್ಪನವರು ಕಾಫಿ ಲೋಟ ಕೆಳಗಿಟ್ಟರು. "ಏನಂದೆ? ಇನ್ನೊಂದ್ಸಲ ಓದು."

ಆಕೆ ಓದಿದಳು.

"ಅಯ್ಯೋ ದೇವುಡಾ! ನಾನು ಹಂಗೆ ಹೇಳಿದ್ನೇನಮ್ಮ? ಇಂಜಿನ್ ಆಯಿಲ್ ಕಾರ್ಬೊರೇಟರ್ ತಲೆ ಮೇಲಿರೋ ಪುಟ್ಟ ಡಬ್ಬಿಗೆ. ಬ್ರೇಕಿನ ಮಾಸ್ಟರ್ ಸಿಲಿಂಡರಿಗೆ ಬ್ರೇಕ್ ಆಯಿಲ್ಲೇ. ಅದ್ರ ಬದ್ಲು ಇಂಜಿನ್ ಆಯಿಲ್ ಬಿದ್ರೆ ಒಳಗಿನ ರಬ್ಬರೆಲ್ಲ ಊದ್ಕೊಳ್ತದೆ. ಮೊದ್ಲು ಬ್ರೇಕ್ ಕಚ್ಕೊಂಡು ನಿಲ್ತದೆ, ಆಮೇಲೆ ಹಿಡಿಯೋದೇ ಇಲ್ಲ."

ತಪ್ಪು ಹೇಗಾಯಿತೆಂದು ಜ್ಯೋತಿಲಕ್ಷ್ಮಿಗೆ ಹೊಳೆಯಿತು. ಅಂದು ಎರಡು ಪುಟ ಒಟ್ಟಿಗೆ ತೆರೆದಿಟ್ಟುಕೊಂಡು ಟೈಪ್ ಮಾಡಿದ್ದಳು. ಒಂದರ ಸಾಲು ಇನ್ನೊಂದಕ್ಕೆ ಸೇರಿಹೋಗಿತ್ತು. ಕೂಡಲೇ ಆ ಸಾಲನ್ನು ತೆಗೆದುಹಾಕಿ, ಸೈಟಿನ ವಾಟ್ಸಾಪ್ ಗುಂಪಿನವರಿಗೆಲ್ಲ ಸಂದೇಶ ಕಳಿಸಿದಳು. ಆಮೇಲೆ ಪುಟದ ಕೆಳಗೆ ಯಾರಾದರೂ ಏನಾದರೂ ಬರೆದಿದ್ದಾರೇನೋ ಎಂದು ನೋಡಿದಳು. ಒಂದೇ ಒಂದು ಮಾತಿತ್ತು: "ತುಂಬಾ ಉಪಕಾರ ಆಯ್ತು ಮೇಡಂ. ಇದೇ ಥರ ಮಾಡ್ತೀನಿ. ಭಾನುವಾರ ಅಮ್ಮನ್ನ ಕೂರಿಸ್ಕೊಂಡು ನಂದಿ ಬೆಟ್ಟಕ್ಕೆ. ಹರಿಕೃಷ್ಣ, ಮಂಚೇನಹಳ್ಳಿ."

ಅವತ್ತೇ ಭಾನುವಾರ.

ಫೋನ್ ನಂಬರ್ ಇರಲಿಲ್ಲ. ಆಕೆ ಮೋಹನ್‌ಬಾಬುವಿಗೆ ಫೋನ್ ಮಾಡಿದಳು. ಗೌರಿಬಿದನೂರಿನಿಂದ ಮಂಚೇನಹಳ್ಳಿ ಅವನಿಗೆ ಹತ್ತಿರ. "ಈಗ್ಲೇ ಬೈಕ್ ತೆಗೀತೀನಿ ಅಕ್ಕ," ಎಂದ. ಆಕೆ ತನ್ನ ಆಲ್ಟೋದ ಕೀಲಿ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ವೆಂಕಟರಾಮಪ್ಪನವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನೀವು ಯಾಕೆ ತಾತ?"

"ಗಾಡಿ ಸಿಕ್ರೆ ನೀನು ನೋಡಿ ಏನು ಮಾಡ್ತೀಯ? ನಡಿ."

ಶಿಡ್ಲಘಟ್ಟ ದಾಟಿ ನಂದಿ ಬೆಟ್ಟದ ದಾರಿ ಹಿಡಿದರು. ಆಕೆಯ ಕಣ್ಣ ಮುಂದೆ ಬೆಟ್ಟದ ತಿರುವುಗಳೇ ಸುಳಿಯುತ್ತಿದ್ದವು. ಹತ್ತುವಾಗ ಹೇಗೋ ಆದೀತು. ಇಳಿಯುವಾಗ? ಪಕ್ಕದಲ್ಲಿ ಕೂತ ಆ ತಾಯಿ? ಒಳ್ಳೆಯದಾಗಲೆಂದು ಮಾಡಿದ ಕೆಲಸ ಒಬ್ಬರ ಜೀವ ತೆಗೆದರೆ ಯಾವ ಮುಖ ಹೊತ್ತು ಬದುಕುವುದು?

ಚಿಕ್ಕಬಳ್ಳಾಪುರದ ಹತ್ತಿರ ಮೋಹನ್‌ಬಾಬುವಿನ ಫೋನ್ ಬಂತು. "ಮನೆ ಸಿಕ್ತು ಅಕ್ಕ. ಬೀಗ ಹಾಕಿದೆ. ಒಂದು ಗಂಟೆ ಆಯ್ತಂತೆ ಹೊರಟು. ಪಕ್ಕದ ಮನೆಯವರು ನಂಬರ್ ಕೊಟ್ರು, ಮಾಡ್ತಾನೇ ಇದೀನಿ, ಎತ್ತೋದಿಲ್ಲ. ಕಾರು ಹಸಿರು ಬಣ್ಣದ್ದಂತೆ."

ಅವಳು ವೇಗ ಹೆಚ್ಚಿಸಿದಳು. "ನಿಧಾನ ಕಣಮ್ಮ, ನಾವೂ ತಲುಪಬೇಕಲ್ಲ," ಎಂದರು ವೆಂಕಟರಾಮಪ್ಪ.

ಬೆಟ್ಟದ ರಸ್ತೆ ಶುರುವಾಗುವಲ್ಲಿ, ಎಳನೀರು ಮಾರುವವನ ಪಕ್ಕ, ಬಾನೆಟ್ ಎತ್ತಿಕೊಂಡು ಹಸಿರು ಮಾರಿಸ್ ನಿಂತಿತ್ತು. ಒಬ್ಬ ಗಂಡಸು ರೇಡಿಯೇಟರಿಗೆ ಬಾಟಲಿಯಿಂದ ನೀರು ಹುಯ್ಯುತ್ತಿದ್ದ. ಅವನ ತಾಯಿ ಹಿಂದಿನ ಸೀಟಿನಲ್ಲಿ ಆರಾಮವಾಗಿ ಎಳನೀರು ಕುಡಿಯುತ್ತಿದ್ದರು.

ಜ್ಯೋತಿಲಕ್ಷ್ಮಿ ಓಡಿದಳು. "ಹರಿಕೃಷ್ಣ ಅವರಾ? ಬ್ರೇಕಿಗೆ ಯಾವ ಆಯಿಲ್ ಹಾಕಿದ್ರಿ?"

ಅವನು ಬಾಟಲಿ ಹಿಡಿದುಕೊಂಡೇ ಅವಳನ್ನು ನೋಡಿದ. "ನೀವ್ಯಾರು?"

"ಆ ಪುಟ ಬರೆದೋಳು. ಜ್ಯೋತಿಲಕ್ಷ್ಮಿ. ಅದ್ರಲ್ಲಿ ತಪ್ಪಾಗಿದೆ. ಇಂಜಿನ್ ಆಯಿಲ್ ಹಾಕಿದ್ರಾ?"

"ಓ, ನೀವಾ ಮೇಡಂ!" ಅವನು ನಕ್ಕ. "ಎಲ್ಲಿ ಹಾಕೋದು? ಮಾಸ್ಟರ್ ಸಿಲಿಂಡರ್ ಸಿಕ್ಕಿದ್ರೆ ತಾನೆ? ಬಾನೆಟ್ ಒಳಗೆ ಒಂದು ದಿನ ಪೂರ್ತಿ ಹುಡುಕಿದೆ. ಅದು ಎಲ್ಲಿರ್ತದೆ ಅಂತ ನೀವು ಬರೆದೇ ಇಲ್ಲ. ಕೊನೆಗೆ ನಮ್ಮೂರ ಲಾರಿ ಮೆಕ್ಯಾನಿಕ್ ಬಂದು ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎತ್ತಿ ತೋರಿಸ್ದ. ಅವನೇ ತುಂಬಿಸ್ದ. ಏನು ತುಂಬಿಸ್ದ ಅಂತ ನಾನು ಕೇಳ್ಲಿಲ್ಲ."

ವೆಂಕಟರಾಮಪ್ಪನವರು ಆಗಲೇ ಕಾರಿನ ಬಾಗಿಲು ತೆಗೆದು ಮಂಡಿಯೂರಿದ್ದರು. ಮ್ಯಾಟ್ ಸರಿಸಿ, ಹರಿಕೃಷ್ಣನ ಕೈಯಲ್ಲಿ ಮುಚ್ಚಳ ಬಿಚ್ಚಿಸಿ, ಒಂದು ಕಡ್ಡಿ ಅದ್ದಿ ತೆಗೆದರು. ಬೆರಳಲ್ಲಿ ತಿಕ್ಕಿದರು, ಮೂಸಿದರು, ಮತ್ತೆ ತಿಕ್ಕಿದರು.

"ಬ್ರೇಕ್ ಆಯಿಲ್ಲೇ," ಎಂದರು. "ಒಳ್ಳೇದೇ ಹಾಕವ್ನೆ."

ಅವಳು ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಅಳುವೂ ನಗುವೂ ಒಟ್ಟಿಗೇ ಬಂದವು. ಒಂದು ಸಾಲು ತಪ್ಪು ಬರೆದಿದ್ದಳು, ಸಿಲಿಂಡರ್ ಎಲ್ಲಿದೆ ಎನ್ನುವುದನ್ನು ಬರೆಯಲು ಮರೆತಿದ್ದಳು. ಆ ಮರೆವೇ ಇವರನ್ನು ಉಳಿಸಿತ್ತು. ಹರಿಕೃಷ್ಣನ ತಾಯಿ ಗಂಗುಲಮ್ಮ ಇಳಿದು ಬಂದು, ಏನಾಯಿತೆಂದು ಕೇಳದೆ, ಎಳನೀರಿನವನಿಗೆ "ಈಯಮ್ಮಂಗೊಂದು ಕೆತ್ತಪ್ಪ" ಎಂದರು. ಬುತ್ತಿಯ ಚಿತ್ರಾನ್ನವನ್ನೂ ಅಲ್ಲೇ ಬಿಚ್ಚಿದರು.

ತಿನ್ನುತ್ತಿರುವಾಗ ಫೋನು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಗುಂಪಿನವರ ಉತ್ತರಗಳು: ನಾನು ಹಾಕಿಲ್ಲ, ನಮ್ಮದು ಆ ಗಾಡಿಯೇ ಅಲ್ಲ, ಓದಿದೆ ಅಷ್ಟೇ. ಆಕೆ ಒಂದೊಂದನ್ನೂ ಎರಡೆರಡು ಸಲ ಓದಿದಳು.

"ಸೈಟ್ ಮುಚ್ಚಿಬಿಡ್ಲಾ ತಾತ?"

"ಯಾಕೆ?" ವೆಂಕಟರಾಮಪ್ಪನವರು ಎಲೆ ಮಡಚಿದರು. "ಶಿಡ್ಲಘಟ್ಟದಲ್ಲಿ ಒಬ್ಬ ಡಾಕ್ಟ್ರ ಆಸ್ಟಿನ್ ಕಾರಿತ್ತು. ನಾನಾಗ ಇಪ್ಪತ್ತೈದರೋನು. ಇದೇ ತಪ್ಪು ಮಾಡಿದೀನಿ. ಕೆರೆ ಏರಿ ಮೇಲೆ ಬ್ರೇಕ್ ಕಚ್ಕೊಂಡು ನಿಂತೋಯ್ತು. ಡಾಕ್ಟ್ರಿಗೆ ಗಾಡೀನೇ ಸರಿ ಇಲ್ಲ ಅಂತ ಸುಳ್ಳು ಹೇಳ್ದೆ. ಇವತ್ತಿನವರ್ಗೂ ಯಾರಿಗೂ ಹೇಳಿಲ್ಲ."

ಆಕೆ ಫೋನಿನಲ್ಲಿ ಬ್ರೇಕ್ ಪುಟ ತೆರೆದಳು. "ಅದನ್ನ ಪುಟದಲ್ಲಿ ಹಾಕ್ಲಾ?"

"ಹಾಕು. ನಿನ್ನ ತಪ್ಪು ಮೇಲೆ ಹಾಕು, ನಂದು ಅದರ ಕೆಳಗೆ. ಹೆಸರು ಬರೆದೇ ಹಾಕು."

ಹರಿಕೃಷ್ಣ ಆಗಲೇ ಕಾರಿನ ನೆಲಕ್ಕೆ ಬಗ್ಗಿ, ಆ ಸಿಲಿಂಡರ್ ಇರುವ ಜಾಗದ ಫೋಟೋ ತೆಗೆಯುತ್ತಿದ್ದ.