ಬಾವಿಗೆ ಬಿಟ್ಟ ಆಮೆ

ಜಗದೇವಿಯ ಮನೆಯ ಬಾವಿಯಲ್ಲಿ ಆಮೆ ಸತ್ತು ವರ್ಷವಾಗಿತ್ತು. ಆಮೆಯಿಲ್ಲದ ಬಾವಿಗೆ ಹುಳ ಬೀಳುತ್ತದೆ ಎಂಬುದು ಅವರ ಊರು ಮುಡಬಿಯಲ್ಲಿ ಅಜ್ಜಿಯರ ಕಾಲದ ಮಾತು. ಅತ್ತೆ ಸೋನುಬಾಯಿಯಂತೂ ಅದನ್ನು ದಿನಕ್ಕೆರಡು ಸಲ ಹೇಳಿ ಸೊಸೆಯ ತಲೆ ತಿನ್ನುತ್ತಿದ್ದಳು. ಹಾಗಾಗಿ, ಕರಾವಳಿಯಲ್ಲಿ ಸಮುದ್ರದ ತಡೆಗೋಡೆಗೆ ಕಲ್ಲು ಹೊರಲು ಹೋಗಿದ್ದ ಜಗದೇವಿ, ಊರಿಗೆ ಹೊರಡುವ ಬೆಳಿಗ್ಗೆ ಉಸುಕಿನ ಮೇಲೊಂದು ಆಮೆಮರಿ ಕಂಡಾಗ ಹಿಂದೆಮುಂದೆ ನೋಡಲಿಲ್ಲ. ಮರಿ ಅಲೆಯತ್ತ ಓಡುತ್ತಿತ್ತು. ಆ ನೀರು ಕಂಡರೆ ಅವಳಿಗೇ ಎದೆ ಝಲ್ಲೆನ್ನುತ್ತಿತ್ತು. ಇನ್ನು ಹತ್ತು ಹೆಜ್ಜೆ ಹೋದರೆ ಮುಳುಗಿ ಸಾಯುತ್ತದೆಂದು ಗಬಕ್ಕನೆ ಎತ್ತಿಕೊಂಡಳು.

ಬುತ್ತಿಡಬ್ಬಿಯಲ್ಲಿ ನೀರು ಹಾಕಿ ಮರಿಯನ್ನಿಟ್ಟು, ಹುಮನಾಬಾದಿನಲ್ಲಿ ಬಸ್ಸು ಬದಲಿಸಿ, ಬಸವಕಲ್ಯಾಣದಿಂದ ಆಟೊದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು. ಸೋನುಬಾಯಿ ಸೊಸೆಯನ್ನು ಹೊಗಳಿದ್ದು ಅದೇ ಮೊದಲು.

ಬಾವಿಗೆ ಬಿಟ್ಟದ್ದೇ ತಡ, ಮರಿ ಗೋಡೆಗುಂಟ ಸುತ್ತತೊಡಗಿತು. ಹಳೆಯ ಆಮೆ ಮೆಟ್ಟಿಲೇರಿ ಬಿಸಿಲು ಕಾಯುತ್ತಿತ್ತು. ಇದರ ಕಾಲುಗಳೋ ಸೌಟಿನಂತೆ ಚಪ್ಪಟೆ, ಏರಲಾಗದು, ನಿಲ್ಲಲಾಗದು. ಹಾಕಿದ ರೊಟ್ಟಿಯನ್ನು ಮೂಸಲೂ ಇಲ್ಲ. ನಾಲ್ಕನೆಯ ದಿನ ಒಂದೇ ಮಗ್ಗುಲಿಗೆ ವಾಲಿ ತೇಲತೊಡಗಿತು. ಜಗದೇವಿ ಬುಟ್ಟಿ ಇಳಿಬಿಟ್ಟು ಅದನ್ನೆತ್ತಿಕೊಂಡು, ಶಾಲೆಯಲ್ಲಿ ವಿಜ್ಞಾನ ಕಲಿಸುವ ಸಂಘರತ್ನ ಮಾಸ್ತರರ ಮನೆಗೆ ಓಡಿದಳು.

"ಇದು ಸಮುದ್ರದ ಆಮೆ ಅದ ರೀ. ಸಿಹಿನೀರಾಗ ಉಳಿಯಂಗಿಲ್ಲ," ಎಂದರು ಮಾಸ್ತರರು.

"ಉಪ್ಪು ಹಾಕ್ಲೇನ್ರಿ? ಮನ್ಯಾಗ ಎರಡು ಸೇರು ಅದ."

ಅವರು ನಗಲಿಲ್ಲ. ಬಕೆಟ್ಟಿನಲ್ಲಿ ಉಪ್ಪು ಕದಡಿ ಮರಿಯನ್ನು ಬಿಟ್ಟರು. "ಹೆಣ್ಣಾಗಿದ್ರ, ದೊಡ್ಡದಾದ ಮ್ಯಾಲ ಹುಟ್ಟಿದ ದಂಡೀ ಕಡೀಗೇ ತತ್ತಿ ಇಡಾಕ ಬರ್ತಿತ್ತು. ಎಷ್ಟ್ ದೂರ ಹೋಗಿದ್ರೂ."

ಆ ದಂಡೆಗೆ ಅಡ್ಡವಾಗಿ ತಾನೇ ಹೊತ್ತು ಹಾಕಿದ ಕಲ್ಲುಗಳು ಜಗದೇವಿಯ ಕಣ್ಣೆದುರು ಬಂದವು. ಅವಳ ಮುಖ ನೋಡಿ ಮಾಸ್ತರರು ದನಿ ಇಳಿಸಿದರು.

"ನೀವು ಹಿಡಿದಾಗ ಯಾವ ಕಡೆ ಹೊಂಟಿತ್ರಿ? ರಸ್ತಾದ ದೀಪ ನೋಡಿ ದಾರಿ ತಪ್ಪೋ ಮರಿ ಭಾಳ ಇರ್ತಾವ. ಅಂಥದಾಗಿದ್ರ ನೀವು ಬಿಟ್ ಬಂದಿದ್ರೂ ಉಳೀತಿರಲಿಲ್ಲ."

ರಸ್ತೆಯ ಕಡೆಗೆಂದುಬಿಟ್ಟರೆ ಮುಗಿಯುತ್ತಿತ್ತು. ಬಕೆಟ್ಟಿನಲ್ಲಿ ಮರಿಯ ಕಾಲೊಂದು ಮೆಲ್ಲನೆ ಆಡಿ ನಿಂತಿತು. ಮತ್ತೆ ಆಡಲಿಲ್ಲ.

"ನೀರಿನ ಕಡೀಗೇ ಹೊಂಟಿತ್ತು ರೀ," ಎಂದಳು ಜಗದೇವಿ. "ನಾನೇ ಹಿಡಕೊಂಡು ಬಂದೆ."